ಕಾಫಿ ನಮ್ಮದು, ಮಾರುವ ಹಕ್ಕು ಯಾರದು?

ಪ್ರಶ್ನೆ: ಸರ್, ಮೂಡಿಗೆರೆ ಕಡೆ ನಮ್ಮದು ಆರು ಎಕರೆ ರೊಬಸ್ಟಾ ತೋಟ. ಹಿಂದೆ ಬೆಳೆದ ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು, ಮನೆಬಳಕೆಗೆ ಉಳಿಸಿಕೊಳ್ಳಲೂ ಮಿತಿಯಿತ್ತು ಎಂದು ಅಜ್ಜ ಹೇಳುತ್ತಾರೆ. ಮುಕ್ತ ಮಾರುಕಟ್ಟೆ ಬಂದ ಮೇಲೆ ಒಳ್ಳೆಯ ಬೆಲೆ ಸಿಕ್ಕಿತು, ಆದ್ದರಿಂದ ಅದೇ ನ್ಯಾಯ ಎನ್ನಬಹುದೇ?

ಉತ್ತರ (ಅರ್ಥಶಾಸ್ತ್ರದ ನಿವೃತ್ತ ಅಧ್ಯಾಪಕ): ಅಜ್ಜ ಹೇಳಿದ್ದು ನಿಜ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಪೂಲಿಂಗ್, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ಪದ್ಧತಿ, ಬೆಳೆಗಾರರಿಗೆ ಆಸರೆಯಾಗಿಯೇ ಬಂತು. 1942ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಯುದ್ಧ ಮುಗಿಯಿತು, ಆಸರೆ ಮಾತ್ರ ಹಗ್ಗವಾಗಿ ಉಳಿಯಿತು. ಕಾಫಿ ಇಂದು ಕೊಡಿ, ಹಣ ಕಂತುಕಂತಾಗಿ ಬರುತ್ತದೆ ಎಂಬ ಏರ್ಪಾಡು. 1992ರಿಂದ ಸಡಿಲವಾಗುತ್ತಾ ಬಂದು 1996ರಲ್ಲಿ ಪೂರ್ತಿ ಹೋಯಿತು.

ಒಂದು ತಮಾಷೆ ಕೇಳಿ. ಹೀಗೆ ಒಪ್ಪಿಸುವುದು ಮಾರಾಟವೋ, ಕಡ್ಡಾಯ ಸ್ವಾಧೀನವೋ ಎಂಬ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸ್ವಾಧೀನ, ಆದ್ದರಿಂದ ಮಾರಾಟದ ತೆರಿಗೆ ಇಲ್ಲ ಎಂದು ವಾದಿಸಿದ್ದು ಸ್ವತಃ ಮಂಡಳಿ! 1988ರಲ್ಲಿ ನ್ಯಾಯಾಲಯ ಅದನ್ನು ಮಾರಾಟ ಎಂದಿತು. ಒಲ್ಲೆ ಎನ್ನಲಾಗದವನು ಮಾಡಿದ್ದು ಎಂಥ ಮಾರಾಟ ಎಂದು ನನಗಂತೂ ಇಂದಿಗೂ ಅನ್ನಿಸುತ್ತದೆ.

ಆದರೆ ನ್ಯಾಯವನ್ನು ಬೆಲೆಯ ಮೇಲೆ ಕಟ್ಟಬೇಡಿ. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟು ಬೆಲೆ ಏರಿತು, 2001ರ ಹೊತ್ತಿಗೆ ನೆಲ ಕಚ್ಚಿತು. ನ್ಯಾಯವೂ ಅದರ ಜೊತೆ ಏರಿ ಇಳಿಯಿತೇ? ದುಡಿಮೆ ಬೆರೆಸಿದವನಿಗೆ ಫಲ ಸೇರಬೇಕು ಎಂದು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಹದಿನೇಳನೇ ಶತಮಾನದಲ್ಲೇ ವಾದಿಸಿದ್ದ. ಬೆಲೆ ಬಿದ್ದ ವರ್ಷವೂ ಆ ವಾದ ನಿಲ್ಲಬೇಕು.

ಕೇಳುತ್ತಿದ್ದ ಇನ್ನೊಬ್ಬ ಮಹಿಳೆ: ಹಣ್ಣು ಕೊಯ್ಯುವವರು ಕೂಲಿಯವರು. ಹಾಗಾದರೆ ಫಲ ಅವರದ್ದಲ್ಲವೇ, ಮೇಷ್ಟ್ರೇ?

ಉತ್ತರ: ಸರಿಯಾದ ಜಾಗಕ್ಕೇ ಚುಚ್ಚಿದಿರಿ, ತಾಯಿ. ಲಾಕ್ ಇಲ್ಲಿ ಎಡವುತ್ತಾನೆ; ಯಜಮಾನನ ಆಳು ಕಡಿದ ಹುಲ್ಲೂ ಯಜಮಾನನದೇ ಎಂದುಬಿಡುತ್ತಾನೆ. ನನ್ನ ಉತ್ತರ ಬೇರೆ. ಕೂಲಿ ಒಪ್ಪಂದವಾಗುವುದು, ಬೇಡವೆಂದು ಪಕ್ಕದ ತೋಟಕ್ಕೆ ಹೋಗುವ ದಾರಿ ಕೂಲಿಯವನಿಗೂ ತೆರೆದಿದ್ದಾಗ ಮಾತ್ರ. ಮುಂಗಡದ ಸಾಲ ತೀರುವವರೆಗೆ ತೋಟ ಬಿಡುವಂತಿಲ್ಲ ಎಂದರೆ ಅದು ಜೀತ. ಅದನ್ನು 1976ರ ಕಾಯ್ದೆಯಿಂದ ನಿಷೇಧಿಸಿದ ಸರ್ಕಾರ ಮಾರುಕಟ್ಟೆಗೆ ಅಡ್ಡ ಬರಲಿಲ್ಲ. ಮಂಡಳಿ ಕಟ್ಟಿಹಾಕಿತು ಎಂದು ದೂರುವ ಬೆಳೆಗಾರರು, ತಮ್ಮ ಲೈನ್ ಮನೆಯ ಕೂಲಿಯವರನ್ನು ಕಟ್ಟಿಹಾಕುವಂತಿಲ್ಲ.

ಪ್ರಶ್ನೆ ಕೇಳಿದವರು: ಕಳೆದ ವರ್ಷ ವ್ಯಾಪಾರಿಯೊಬ್ಬರು ನಮ್ಮ ಚೆರಿಗೆ (ಇಡಿಯಾಗಿ ಒಣಗಿಸಿದ ಹಣ್ಣು) ಔಟ್‌ಟರ್ನ್, ಅಂದರೆ 50 ಕೆಜಿ ಚೀಲಕ್ಕೆ ಸಿಗುವ ಬೀಜ, 24 ಕೆಜಿ ಎಂದು ಬರೆದರು. ಮನೆಯಲ್ಲಿ ನೋಡಿದಾಗ 26 ಕೆಜಿ ಬಂದಿತ್ತು. ಇದಕ್ಕೂ ಸರ್ಕಾರ ಬೇಡವೇ?

ಉತ್ತರ: ಖಂಡಿತ ಬೇಕು. ತೂಕದ ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವುದು, ಮೋಸವಾದರೆ ದೂರು ಕೇಳುವುದು ಸರ್ಕಾರದ ಕೆಲಸ, ಬೆಲೆ ಕಟ್ಟುವುದಲ್ಲ. ಸದ್ಯಕ್ಕೆ ಈ ಸಲ ಕಣದಿಂದ ಚೀಲ ತುಂಬುವಾಗಲೇ ಒಂದೇ ರಾಶಿಯ ಎರಡು ಸ್ಯಾಂಪಲ್ ತೆಗೆದು, ಇಬ್ಬರು ವ್ಯಾಪಾರಿಗಳ ಹತ್ತಿರ ಔಟ್‌ಟರ್ನ್ ತೆಗೆಸಿ. ಲೋಡ್ ಕಳಿಸುವುದು ಆಮೇಲೆ.