ಟಿವಿಯಿಂದ ಹಳೆಯ ಆಂಪ್ಲಿಫೈಯರಿಗೆ ಆಪ್ಟಿಕಲ್ ಜೋಡಣೆ: ವಾರ್ತೆಗೆ ಧ್ವನಿಯಿದೆ, ಸಿನಿಮಾಕ್ಕೆ ಇಲ್ಲ

ಪ್ರಶ್ನೆ

ತಂದೆಯವರು 1990ರ ದಶಕದಲ್ಲಿ ಕೊಂಡಿದ್ದ ಸ್ಟೀರಿಯೋ ಆಂಪ್ಲಿಫೈಯರ್ ಮತ್ತು ಎರಡು ದೊಡ್ಡ ಸ್ಪೀಕರುಗಳು ನಮ್ಮ ಮನೆಯಲ್ಲಿ ಇಂದಿಗೂ ಸುಸ್ಥಿತಿಯಲ್ಲಿವೆ. ಹೊಸ ಟಿವಿಯ ಧ್ವನಿ ತೀರ ಪೀಚಾಗಿದ್ದುದರಿಂದ ಅದನ್ನು ಇವುಗಳಿಗೆ ಜೋಡಿಸಲು ಮುಂದಾದೆ. ಮೊದಲು ಹೆಡ್‌ಫೋನ್ ಕಿಂಡಿಯಿಂದ ತಂತಿ ಎಳೆದಾಗ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಸದಾ ಕೇಳಿಸುತ್ತಿತ್ತು; ಸೆಟ್‌ಟಾಪ್ ಬಾಕ್ಸಿಗೆ ಬರುವ ಡಿಶ್ ಕೇಬಲನ್ನು ಕಳಚಿದರೆ ಮಾತ್ರ ನಿಲ್ಲುತ್ತಿತ್ತು. ಆದ್ದರಿಂದ 3 ಮೀಟರ್ ಉದ್ದದ ಆಪ್ಟಿಕಲ್ ಕೇಬಲನ್ನೂ, ಅದರ ಸಂಕೇತವನ್ನು ಆಂಪ್ಲಿಫೈಯರಿಗೆ ಒಗ್ಗುವಂತೆ ಬದಲಿಸುವ ಅಂಗೈಯಗಲದ ಡ್ಯಾಕ್ ಪೆಟ್ಟಿಗೆಯನ್ನೂ ತರಿಸಿ ಜೋಡಿಸಿದೆ. ಗುಂಯ್ ಸದ್ದು ಪೂರ್ತಿ ನಿಂತಿತು.

ಆದರೆ ಈಗ ಬೇರೆ ತೊಂದರೆ ಶುರುವಾಗಿದೆ. ವಾರ್ತಾ ಚಾನೆಲ್ಲುಗಳಿಗೂ ಯೂಟ್ಯೂಬಿಗೂ ಧ್ವನಿ ಚೆನ್ನಾಗಿ ಬರುತ್ತದೆ. ಓಟಿಟಿ ಆ್ಯಪಿನಲ್ಲಿ ಸಿನಿಮಾ ಹಾಕಿದರೆ ಮಾತ್ರ ನಿಶ್ಶಬ್ದ. ನಿನ್ನೆ ರಾತ್ರಿ ಒಂದು ಎಚ್‌ಡಿ ಚಾನೆಲ್ ಹಾಕಿದಾಗ ಕ್ಷಣಕಾಲ ಸರ್ರೆಂಬ ಕರ್ಕಶ ಸದ್ದು ಬಂದು ಮತ್ತೆ ಮೌನವಾಯಿತು. ಕೇಬಲಿನ ತುದಿಯಲ್ಲಿ ಕೆಂಪು ಬೆಳಕು ಸ್ಪಷ್ಟವಾಗಿ ಕಾಣುತ್ತದೆ. ಅಂಗಡಿಯವರು ಚಿನ್ನದ ಲೇಪನವಿರುವ ದುಬಾರಿ ಕೇಬಲ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ದೋಷ ಕೇಬಲಿನದೇ, ಪೆಟ್ಟಿಗೆಯದೇ, ಟಿವಿಯದೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಮೊದಲ ಉತ್ತರ

ಕೇಬಲ್ ಕೊಳ್ಳಬೇಡಿ. ವಾರ್ತೆಗೆ ಧ್ವನಿ ಸರಿಯಾಗಿ ಬರುತ್ತಿದೆ ಎಂದಮೇಲೆ ಕೇಬಲ್, ಪೆಟ್ಟಿಗೆ, ಆಂಪ್ಲಿಫೈಯರ್ ಮೂರೂ ಕೆಲಸ ಮಾಡುತ್ತಿವೆ. ಚಿನ್ನದ ಲೇಪನದ ಮಾತಂತೂ ತಮಾಷೆಯೇ ಸರಿ: ಲೋಹಕ್ಕೆ ಲೋಹ ತಾಗಿ ವಿದ್ಯುತ್ ಹರಿಯುವಲ್ಲಿ ತುಕ್ಕು ಹಿಡಿಯದಿರಲೆಂದು ಚಿನ್ನ ಬಳಿಯುತ್ತಾರೆ, ಇಲ್ಲಿ ಹರಿಯುವುದು ಬೆಳಕು. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆಯೊಳಗೆ ಸುಮಾರು 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಎಲ್‌ಇಡಿ ಬೆಳಕು ಮಿಣುಕುತ್ತಾ ಸಾಗುತ್ತದೆ, ಅಷ್ಟೆ. 1983ರಲ್ಲಿ ತೋಷಿಬಾ ಸಂಸ್ಥೆ ತನ್ನ ಸಿಡಿ ಪ್ಲೇಯರುಗಳಿಗಾಗಿ ರೂಪಿಸಿದ ಟಾಸ್‌ಲಿಂಕ್ ಇದೇ. ಎರಡು ಉಪಕರಣಗಳ ನಡುವೆ ವಿದ್ಯುತ್ ಸಂಪರ್ಕವೇ ಇಲ್ಲದಿರುವುದರಿಂದ, ಡಿಶ್ ಕೇಬಲಿನ ಅರ್ಥಿಂಗ್ ಮೂಲಕ ಸುತ್ತಿಬರುತ್ತಿದ್ದ ಗುಂಯ್ ಸದ್ದು ನಿಮ್ಮಲ್ಲಿ ಒಮ್ಮೆಲೇ ನಿಂತದ್ದು.

ಇನ್ನು ಸಿನಿಮಾದ ಮೌನದ ವಿಷಯ. ಕೆಂಪು ಬೆಳಕು ಕಾಣುತ್ತಿದೆ ಎಂದರೆ ಟಿವಿ ಏನನ್ನೋ ಕಳುಹಿಸುತ್ತಿದೆ ಎಂದಷ್ಟೇ ಅರ್ಥ. ಏನನ್ನು ಕಳುಹಿಸುತ್ತಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಈ ಬೆಳಕಿನ ಭಾಷೆಗೆ ಎಸ್‌ಪಿಡಿಐಎಫ್ ಎಂದು ಹೆಸರು, ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ್ದು. ಅದರ ಪ್ರತಿಯೊಂದು ಫ್ರೇಮಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಎಂದು 32 ಬಿಟ್‌ಗಳ ಎರಡು ಕಂತುಗಳಿರುತ್ತವೆ. ಸೆಕೆಂಡಿಗೆ 48,000 ಫ್ರೇಮುಗಳು ಎಂದರೆ ಒಟ್ಟು 30,72,000 ಬಿಟ್‌ಗಳು. ಎಡ-ಬಲ ಎಂಬ ಎರಡು ಧ್ವನಿ ಚಾನೆಲ್ಲುಗಳ ಹಿಂಡದ ಸಾದಾ ಧ್ವನಿ, ಅಂದರೆ ಪಿಸಿಎಂ, ಇದರಲ್ಲಿ ಆರಾಮವಾಗಿ ಕೂರುತ್ತದೆ. ಆದರೆ 5.1 ಧ್ವನಿಯ (ಸುತ್ತಲಿನ ಐದು ಸ್ಪೀಕರುಗಳಿಗೆ ಐದು, ತಗ್ಗು ಸದ್ದಿನ ಸ್ಪೀಕರಿಗೆ ಒಂದು) ಆರು ಚಾನೆಲ್ಲುಗಳನ್ನು 16 ಬಿಟ್‌ನಂತೆ ಹಾಗೆಯೇ ಕಳುಹಿಸಲು ಸೆಕೆಂಡಿಗೆ 46,08,000 ಬಿಟ್ ಬೇಕು. ಅದು ಇಲ್ಲಿ ಹಿಡಿಸದು. ಆದ್ದರಿಂದ ಆರು ಚಾನೆಲ್ಲನ್ನು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಹಿಂಡಿ, ಪೊಟ್ಟಣ ಕಟ್ಟಿ, ಅದೇ ಎಡ-ಬಲದ ಜಾಗದಲ್ಲಿ ತುರುಕಿ ಕಳುಹಿಸುತ್ತಾರೆ. ಡಾಲ್ಬಿ ಡಿಜಿಟಲ್ ಗರಿಷ್ಠವೆಂದರೂ ಸೆಕೆಂಡಿಗೆ 640 ಕಿಲೊಬಿಟ್ ಮಾತ್ರ.

ಪೊಟ್ಟಣ ಹೊರಟಾಗ 'ಇದು ಸಾದಾ ಧ್ವನಿಯಲ್ಲ' ಎಂದು ಸೂಚಿಸುವ ಒಂದು ಬಿಟ್ ಕೂಡ ಜೊತೆಯಲ್ಲಿ ಹೋಗುತ್ತದೆ. ನಿಮ್ಮದರಂಥ ಸಣ್ಣ ಪೆಟ್ಟಿಗೆಗಳಲ್ಲಿ ಬಹುಪಾಲಿಗೆ ಆ ಪೊಟ್ಟಣ ಬಿಚ್ಚುವ ವಿದ್ಯೆ ಗೊತ್ತಿರುವುದಿಲ್ಲ. ಆ ಬಿಟ್ಟನ್ನು ಗಮನಿಸುವ ಪೆಟ್ಟಿಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಗಮನಿಸದ ಪೆಟ್ಟಿಗೆ ಪೊಟ್ಟಣವನ್ನೇ ಧ್ವನಿಯೆಂದು ಭಾವಿಸಿ ನುಡಿಸಿಬಿಡುತ್ತದೆ. ನೀವು ಕೇಳಿದ ಸರ್ರೆಂಬ ಸದ್ದು ಅದೇ ಆಗಿರಬೇಕು. ಅದು ಪೂರ್ಣ ಮಟ್ಟದಲ್ಲಿ ಹೊರಬೀಳುವುದರಿಂದ, ಪರೀಕ್ಷೆ ಮಾಡುವಾಗ ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ತಗ್ಗಿಸಿಡಿ. ತಂದೆಯವರ ಸ್ಪೀಕರಿನಲ್ಲಿ ಕೀಚಲು ಸ್ವರ ನುಡಿಸುವ ಟ್ವೀಟರ್ ಸುಟ್ಟರೆ ಅದೇ ಮಾದರಿ ಮತ್ತೆ ಸಿಗುವುದು ಕಷ್ಟ.

ಟಿವಿಯ ಸೆಟ್ಟಿಂಗಿನಲ್ಲಿ ಸೌಂಡ್ ಎಂಬಲ್ಲಿಗೆ ಹೋಗಿ, ಡಿಜಿಟಲ್ ಔಟ್‌ಪುಟ್ ಎಂಬುದನ್ನು ಹುಡುಕಿ. ಅದು ಬಹುಶಃ ಆಟೋ ಎಂದೋ ಪಾಸ್ ಥ್ರೂ ಎಂದೋ ಇರುತ್ತದೆ. ಪಿಸಿಎಂ ಎಂದು ಬದಲಿಸಿ. ಆಗ ಪೊಟ್ಟಣ ಬಿಚ್ಚುವ ಕೆಲಸವನ್ನು ಟಿವಿಯೇ ಮಾಡಿ ಎರಡು ಚಾನೆಲ್ಲಿಗೆ ಇಳಿಸಿ ಕಳುಹಿಸುತ್ತದೆ. ನಿಮ್ಮಲ್ಲಿರುವುದು ಎರಡೇ ಸ್ಪೀಕರ್ ಆದ್ದರಿಂದ ಇದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಸರಿ. ಆದರೆ ಇದನ್ನು ಓದಿ 5.1 ರಿಸೀವರ್ ಇರುವವರು ಪಿಸಿಎಂ ಒತ್ತಿಬಿಡಬಾರದು. ಅವರಿಗೆ ಹಿಂದಿನ ಸ್ಪೀಕರುಗಳು ಮೂಕವಾಗುತ್ತವೆ. ಅವರು ಡಾಲ್ಬಿ ಡಿಜಿಟಲ್ ಎಂದೇ ಇಡಬೇಕು. ಮೇಲಿನಿಂದಲೂ ಸದ್ದು ಬಂದಂತೆ ಕೇಳಿಸುವ ಡಾಲ್ಬಿ ಅಟ್ಮಾಸ್ ಬೇಕೆನ್ನುವವರಿಗೆ ಆಪ್ಟಿಕಲ್ ದಾರಿಯೇ ಅಲ್ಲ. ಅದಕ್ಕೆ ಟಿವಿಯ ಧ್ವನಿಯನ್ನು ಹೊರಗೆ ಕಳುಹಿಸಬಲ್ಲ ಎಚ್‌ಡಿಎಂಐ ಎಆರ್‌ಸಿ ಅಥವಾ ಇಎಆರ್‌ಸಿ ಕಿಂಡಿ ಬೇಕು.

ಪ್ರಶ್ನೆ ಕೇಳಿದವರಿಂದ

ಪಿಸಿಎಂ ಮಾಡಿದ ಕೂಡಲೇ ಸಿನಿಮಾಕ್ಕೂ ಎಚ್‌ಡಿ ಚಾನೆಲ್ಲಿಗೂ ಧ್ವನಿ ಬಂತು. ಇಬ್ಬರಿಗೂ ಕೃತಜ್ಞತೆಗಳು. ಇನ್ನು ಮೂರು ಸಂದೇಹಗಳಿವೆ. ಆಗಾಗ ಅರ್ಧ ಸೆಕೆಂಡ್ ಧ್ವನಿ ಕಡಿದುಹೋಗುತ್ತದೆ, ಅದರಲ್ಲೂ ಷೋಕೇಸಿನ ಬಾಗಿಲು ಮುಚ್ಚಿದಾಗ. ಟಿವಿ ರಿಮೋಟಿನಿಂದ ವಾಲ್ಯೂಮ್ ಬದಲಾಗುವುದಿಲ್ಲ. ಪೆನ್‌ಡ್ರೈವಿನಲ್ಲಿರುವ ಒಂದು ಹಳೆಯ ಸಿನಿಮಾ ಮಾತ್ರ ಈಗಲೂ ಮೂಕವಾಗಿದೆ.

ಮೊದಲ ಉತ್ತರ ನೀಡಿದವರಿಂದ

ಬಾಗಿಲು ಮುಚ್ಚಿದಾಗ ಕಡಿಯುತ್ತದೆ ಎಂಬುದೇ ಕಾರಣವನ್ನು ಹೇಳುತ್ತಿದೆ. ಕೇಬಲ್ ಎಲ್ಲೋ ಮಡಚಿಕೊಳ್ಳುತ್ತಿದೆ, ಇಲ್ಲವೇ ತುದಿ ಸಡಿಲವಾಗಿದೆ. ಪ್ಲಾಸ್ಟಿಕ್ ಎಳೆಯನ್ನು ತೀರ ಬಗ್ಗಿಸಿದರೆ ತಿರುವಿನಲ್ಲಿ ಬೆಳಕು ಹೊರಗೆ ಸೋರಿಹೋಗುತ್ತದೆ. ಹಗ್ಗದಂತೆ ಗಂಟು ಹಾಕುವುದಂತೂ ಕೂಡದು. ಎರಡೂ ತುದಿಗಳನ್ನು ಕಳಚಿ ನೋಡಿ. ಹೊಸ ಕೇಬಲಿನ ಮೂತಿಗೆ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿರುತ್ತಾರೆ. ಅದನ್ನು ತೆಗೆಯದೆ ತುರುಕಿದರೂ ಕೆಂಪು ಬೆಳಕು ಕಾಣುತ್ತದೆ, ಒಮ್ಮೊಮ್ಮೆ ಧ್ವನಿಯೂ ಬರುತ್ತದೆ, ಆದರೆ ಟಕ್ಕೆಂದು ಕೂರುವುದಿಲ್ಲ. ನಾನೇ ಒಮ್ಮೆ ಹೀಗೆ ಮಾಡಿಕೊಂಡು ಎರಡು ದಿನ ಒದ್ದಾಡಿದ್ದೇನೆ.

ರಿಮೋಟಿನದು ದೋಷವಲ್ಲ. ಹೆಚ್ಚಿನ ಟಿವಿಗಳಲ್ಲಿ ಆಪ್ಟಿಕಲ್ ಕಿಂಡಿಯ ಧ್ವನಿ ಮಟ್ಟ ಸ್ಥಿರ, ಆ ಬೆಳಕಿನ ಎಳೆಯಲ್ಲಿ ರಿಮೋಟಿನ ಆಜ್ಞೆ ಸಾಗಲು ದಾರಿಯೂ ಇಲ್ಲ. ಎಚ್‌ಡಿಎಂಐನಲ್ಲಿ ಅದು ಸಾಧ್ಯ. ನೀವು ಎದ್ದುಹೋಗಿ ಗುಂಡಿ ತಿರುಗಿಸಲೇಬೇಕು.

ಪೆನ್‌ಡ್ರೈವಿನ ಸಿನಿಮಾಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಟಿವಿಯ ಸ್ವಂತ ಸ್ಪೀಕರಿಗೆ ಬದಲಿಸಿ ಅದನ್ನೇ ಹಾಕಿ. ಅಲ್ಲಿಯೂ ಮೌನವಾದರೆ ಆ ಕಡತದ ಧ್ವನಿ ಡಿಟಿಎಸ್ ರೂಪದಲ್ಲಿರುವ ಸಂಭವ ಹೆಚ್ಚು. ಅನೇಕ ಟಿವಿಗಳಲ್ಲಿ ಡಿಟಿಎಸ್ ಬಿಚ್ಚುವ ಸೌಲಭ್ಯವಿಲ್ಲ. ಬಿಚ್ಚಲಾಗದ್ದನ್ನು ಪಿಸಿಎಂ ಮಾಡಲೂ ಆಗದು.

ಪ್ರಶ್ನೆ ಕೇಳಿದವರಿಂದ

ಟೊಪ್ಪಿಗೆ ಇದ್ದದ್ದು ಪೆಟ್ಟಿಗೆಯ ಕಡೆಯ ತುದಿಯಲ್ಲಿ. ಕಿತ್ತ ಮೇಲೆ ಟಕ್ಕೆಂದು ಕೂತಿತು. ಕೇಬಲನ್ನು ಬಾಗಿಲಿನ ಕೀಲಿನಿಂದ ದೂರ ಸರಿಸಿ, ಅಗಲವಾದ ಸುತ್ತಿನಲ್ಲಿ ಬಿಟ್ಟಿದ್ದೇನೆ. ನಿನ್ನೆ ಸಂಜೆಯಿಂದ ಒಮ್ಮೆಯೂ ಕಡಿದಿಲ್ಲ. ಪೆನ್‌ಡ್ರೈವಿನ ಸಿನಿಮಾ ಟಿವಿ ಸ್ಪೀಕರಿನಲ್ಲಿಯೂ ಮೂಕವಾಗಿಯೇ ಇತ್ತು. ಕಂಪ್ಯೂಟರಿನಲ್ಲಿ ನೋಡಿದಾಗ ಅದರ ಧ್ವನಿ ಡಿಟಿಎಸ್ ಎಂದೇ ತೋರಿಸಿತು. ಚಿತ್ರವನ್ನು ಮುಟ್ಟದೆ ಧ್ವನಿಯನ್ನಷ್ಟೇ ಎಎಸಿ ಎಂಬ ಬೇರೊಂದು ರೂಪಕ್ಕೆ ಬದಲಿಸಿದ ಮೇಲೆ ಅದೂ ನುಡಿಯಿತು. ಅಂಗಡಿಯವರಿಗೆ ಫೋನ್ ಮಾಡಿ ಚಿನ್ನದ ಕೇಬಲ್ ಬೇಡವೆಂದು ತಿಳಿಸಿದ್ದೇನೆ.