ವರ್ಡಿನ್ ಹಕ್ಕಿ ಗಣತಿ: ಇಳಿಯಬೇಕಾದ ಗ್ರಾಫ್ ಮಟ್ಟಸವಾಗಿದೆ, ಎಲ್ಲಿ ತೊಡಕು?

ಟೂಸಾನ್_ಕನ್ನಡಿಗ:
ನಮಸ್ಕಾರ. ಅರಿಜೋನಾದಲ್ಲಿದ್ದೀನಿ. ಇಲ್ಲಿನ ಮರುಭೂಮಿಯ ವರ್ಡಿನ್ ಹಕ್ಕಿ (ಹಳದಿ ತಲೆ, ಬೂದು ಮೈ, ತೂಕ 7 ಗ್ರಾಂ ಆಸುಪಾಸು) ದಶಕಗಳಿಂದ ಕಡಿಮೆಯಾಗ್ತಿದೆ ಅಂತ ಉತ್ತರ ಅಮೆರಿಕದ ಬಿಬಿಎಸ್ (ಬ್ರೀಡಿಂಗ್ ಬರ್ಡ್ ಸರ್ವೆ, ಅಂದ್ರೆ ಹಕ್ಕಿಗಳು ಮರಿ ಮಾಡುವ ಕಾಲದ ಗಣತಿ) ಹೇಳುತ್ತೆ. ಅದರ ಮೂಲ ಫೈಲ್ ಡೌನ್‌ಲೋಡ್ ಮಾಡಿ, ಆರ್ ಅನ್ನೋ ಅಂಕಿಅಂಶ ತಂತ್ರಾಂಶದಲ್ಲಿ ವರ್ಷವಾರು ಸರಾಸರಿ ತೆಗೆದರೆ ಗೆರೆ ಇಳಿಯೋದೇ ಇಲ್ಲ. ಹಕ್ಕಿ ನೋಡುವವರು ಕಂಡಿದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಂತೂ ದಾಖಲೆ ಏರ್ತಾನೇ ಇದೆ. ಯಾಕೆ ಹೀಗೆ?

ಅಂಕಿಲೆಕ್ಕ:
ಇ-ಬರ್ಡ್‌ನಲ್ಲಿ ಏರಿರೋದು ನೋಡುವವರ ಸಂಖ್ಯೆ. ಸಂಪೂರ್ಣ ಪಟ್ಟಿಗಳನ್ನಷ್ಟೇ (ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿರೋವು) ತಗೊಂಡು, ನೂರರಲ್ಲಿ ಎಷ್ಟರಲ್ಲಿ ವರ್ಡಿನ್ ಇದೆ ಅಂತ ನೋಡಿ.

ಬಿಬಿಎಸ್ ವಿಷಯ ಬೇರೆ. 1966ರಿಂದ ಒಂದೇ ಪದ್ಧತಿ: ಸುಮಾರು 39 ಕಿ.ಮೀ. ರಸ್ತೆ, 50 ನಿಲುಗಡೆ, ತಲಾ 3 ನಿಮಿಷ. ಆದರೆ ಫೈಲ್‌ನಲ್ಲಿ ಸಾಲು ಇರೋದು ಕಂಡ ಹಕ್ಕಿಗೆ ಮಾತ್ರ. ವರ್ಡಿನ್ ಕಾಣದ ವರ್ಷ ಆ ಮಾರ್ಗಕ್ಕೆ ಸೊನ್ನೆ ಅಂತ ಬರೆದಿರಲ್ಲ, ಸಾಲೇ ಇರಲ್ಲ. ಹಕ್ಕಿ ಖಾಲಿಯಾದ ಮಾರ್ಗಗಳು ನಿಮ್ಮ ಸರಾಸರಿಯಿಂದ ಜಾರಿಹೋಗಿ, ಚೆನ್ನಾಗಿರುವ ಜಾಗಗಳಷ್ಟೇ ಉಳಿದಿವೆ. ಬಿಬಿಎಸ್ ಡೌನ್‌ಲೋಡ್‌ನಲ್ಲೇ ಬರುವ ವೆದರ್ ಫೈಲ್‌ನಲ್ಲಿ ಯಾವ ವರ್ಷ ಯಾವ ಮಾರ್ಗದಲ್ಲಿ ಗಣತಿ ನಡೀತು ಅನ್ನೋ ಪಟ್ಟಿ ಇದೆ. ರನ್‌ಟೈಪ್ 1 (ನಿಯಮದ ಪ್ರಕಾರ ನಡೆದ ಗಣತಿ) ಇರುವವನ್ನು ಆರಿಸಿ, ವರ್ಡಿನ್ ಸಾಲುಗಳನ್ನು ಅದಕ್ಕೆ ಜೋಡಿಸಿ, ಖಾಲಿ ಇದ್ದಲ್ಲೆಲ್ಲ 0 ತುಂಬಿ. 2020ರಲ್ಲಿ ಕೋವಿಡ್‌ನಿಂದ ಗಣತಿ ನಡೆದಿಲ್ಲ, ಅಲ್ಲಿ ಮಾತ್ರ ತುಂಬಬೇಡಿ. ಮಾದರಿ ಕಟ್ಟುವಾಗ ಎಣಿಸಿದ್ದು ಯಾರು ಅಂತ ತಿಳಿಸುವ ವೀಕ್ಷಕರ ಗುರುತು ಸಂಖ್ಯೆಯನ್ನೂ ಸೇರಿಸಿ. ಹೊಸಬರು ಮೊದಲ ವರ್ಷ ಸಾಮಾನ್ಯವಾಗಿ ಕಡಿಮೆ ಎಣಿಸ್ತಾರೆ.

ಟೂಸಾನ್_ಕನ್ನಡಿಗ:
ಸೊನ್ನೆ ತುಂಬಿದ ಮೇಲೆ ಗೆರೆ ಸ್ಪಷ್ಟವಾಗಿ ಇಳೀತಿದೆ ಸರ್. ನೋಡಿ ಬೇಜಾರಾಯ್ತು. ಗೂಡು ಎಣಿಸಿ ತಾಳೆ ನೋಡಬಹುದಾ? ಮೆಸ್ಕೀಟ್ ಮರಗಳಲ್ಲಿ ಗೂಡುಗಳಿಗೇನೂ ಕೊರತೆಯಿಲ್ಲ.

ಜಾಲಿಮುಳ್ಳು:
ಗೂಡು ನಂಬಬೇಡಿ. ವರ್ಡಿನ್ ಮರಿ ಮಾಡೋಕೆ ಮಾತ್ರವಲ್ಲ, ರಾತ್ರಿ ಮಲಗೋಕೂ ಬೇರೆ ಗೂಡು ಕಟ್ಟುತ್ತೆ. ಮುಳ್ಳುಕಡ್ಡಿಗಳನ್ನು ಹೊರಗೆ ಹೆಣೆದು, ಒಳಗೆ ಗರಿ, ಹುಲ್ಲು, ಜೇಡರಬಲೆ ಹಾಸಿದ ಗುಂಡನೆಯ ಚೆಂಡು ಅದು, ಒಂದು ಬದಿಗೆ ಸಣ್ಣ ಬಾಯಿ. ಎಷ್ಟು ಗಟ್ಟಿ ಅಂದ್ರೆ ಹಕ್ಕಿ ಬಿಟ್ಟುಹೋದ ಮೇಲೂ ಬಹುಕಾಲ ಉಳಿಯುತ್ತೆ. ಗೂಡಿದ್ದ ಮಾತ್ರಕ್ಕೆ ಹಕ್ಕಿ ಇದೆ ಅನ್ನೋಕಾಗಲ್ಲ.

ಕಾರಣ ಹುಡುಕುವುದಾದರೆ ಮರಗಳಿಂದ ಶುರುಮಾಡಿ. ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ನೆರಳು, ಹುಳು, ಗೂಡಿಗೆ ಮುಳ್ಳು ಎಲ್ಲ ಅಲ್ಲೇ. ಬಡಾವಣೆಗೆ ಪೊದೆ ಸವರಿದರೆ ಮೂರೂ ಹೋದವು. ಹೊರಗಿಂದ ಬಂದ ಬಫೆಲ್ ಹುಲ್ಲು ಬೆಂಕಿಯನ್ನೂ ತರುತ್ತೆ. ಮೇಲಿಂದ ಬಿಸಿಲು, ಬರ. ಪಕ್ಕದ ಮೊಹಾವಿ ಮರುಭೂಮಿಯಲ್ಲಿ ಪ್ರಾಣಿಶಾಸ್ತ್ರಜ್ಞ ಜೋಸೆಫ್ ಗ್ರಿನೆಲ್ ತಂಡ ಶತಮಾನದ ಹಿಂದೆ ನೋಡಿದ್ದ 61 ಜಾಗಗಳನ್ನು ಮತ್ತೆ ಸಮೀಕ್ಷೆ ಮಾಡಿದ ಅಧ್ಯಯನ 2018ರಲ್ಲಿ ಬಂತು. ಪ್ರತಿ ಜಾಗದಲ್ಲೂ ಸರಾಸರಿ 43% ಹಕ್ಕಿ ಪ್ರಭೇದಗಳು ಕಣ್ಮರೆ. ಮಳೆ ಕಡಿಮೆಯಾದದ್ದೇ ಮುಖ್ಯ ಕಾರಣ ಅಂತ ಅವರ ತೀರ್ಮಾನ.

ಮಾರ್ಗವಾರು ಮಳೆ ಅಂಕಿ ಸೇರಿಸಿ ಇನ್ನೊಮ್ಮೆ ಓಡಿಸಿ, ಕೋಡ್ ಇಲ್ಲೇ ಹಾಕಿ. ನಗರದಂಚಿನ ಮಾರ್ಗಗಳನ್ನು ಬೇರೆ ಮಾಡಿ ನೋಡೋದನ್ನ ಮರೀಬೇಡಿ.