ಫೀಡ್‌ಬ್ಯಾಕ್‌ಗೆ 'ಹಿಮ್ಮಾಹಿತಿ' ಒಗ್ಗತ್ತಾ? ಡಿಜೆನರೇಶನ್‌ಗೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ. ರೇಡಿಯೋ ರಿಸೀವರ್‌ಗಿಂತ ಮುಂಚೆ ಕೂತು ಸಿಗ್ನಲ್ ಹೆಚ್ಚಿಸೋ ಪ್ರಿಆಂಪ್ಲಿಫೈಯರ್ ಬಗ್ಗೆ ಒಂದು ಲೇಖನ ಬರೀತಿದೀನಿ, ಒಂದೇ ಟ್ರಾನ್ಸಿಸ್ಟರ್, ಕೆಲವು ಮೆಗಾಹರ್ಟ್ಸ್‌ನಿಂದ ನೂರು ದಾಟೋವರೆಗೂ ಟ್ಯೂನಿಂಗ್ ಇಲ್ದೆ ಒಂದೇ ಸಮ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗತ್ತೆ ಅನ್ನೋದು) ಕೊಡಬೇಕು, ಅದಕ್ಕೇ ನೆಗೆಟಿವ್ ಫೀಡ್‌ಬ್ಯಾಕ್. ಪ್ರಿಆಂಪ್ಲಿಫೈಯರ್‌ಗೆ ಪೂರ್ವವರ್ಧಕ, ಗೇನ್‌ಗೆ ಗಳಿಕೆ ಇವೆಲ್ಲ ಹೆಂಗೋ ನಡಿಯತ್ತೆ, ತಕರಾರು ಈ ಫೀಡ್‌ಬ್ಯಾಕ್‌ದೇ.

'ಹಿಮ್ಮಾಹಿತಿ' ಅಂದ್ರೆ ಗ್ರಾಹಕರ ಅಭಿಪ್ರಾಯ ಕೇಳಿದಂಗಿರತ್ತೆ. ಇಲ್ಲಿ ಹಿಂದಕ್ಕೆ ಹೋಗೋದು ಮಾಹಿತಿ ಅಲ್ಲ, ಔಟ್‌ಪುಟ್‌ನದೇ ಒಂದು ಪಾಲು, ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಿಂದ (ಔಟ್‌ಪುಟ್ ಕಾಲು) ಬೇಸ್‌ಗೆ (ಇನ್‌ಪುಟ್ ಕಾಲು) ರೆಸಿಸ್ಟರ್ ಮೂಲಕ, ಉಲ್ಟಾ ಫೇಸಲ್ಲಿ. ಉದಾಹರಣೆಗೆ, 50 ಓಮ್ ಲೈನ್‌ಗೆ ಆ ರೆಸಿಸ್ಟರ್ 200 ಓಮ್ ಇಟ್ರೆ ಮೂರನೇ ಕಾಲು ಎಮಿಟರ್ ಕಡೆ ಒಟ್ಟು 12.5 ಓಮ್ ಇರಬೇಕು (ಎರಡನ್ನೂ ಗುಣಿಸಿದ್ರೆ 50ರ ವರ್ಗ), 20 ಮಿಲಿಆಂಪ್ ಹರೀತಿದ್ರೆ ಟ್ರಾನ್ಸಿಸ್ಟರ್ ಒಳಗೇ 1.3 ಓಮ್ ಇರತ್ತೆ, ಮಿಕ್ಕ 11 ಚಿಲ್ಲರೆ ನಾವು ಹೊರಗೆ ಹಾಕೋದು, ಆಗ ಇನ್‌ಪುಟ್ ಔಟ್‌ಪುಟ್ ಎರಡೂ ಕಡೆ ಲೈನ್‌ಗೆ ಮ್ಯಾಚ್ ಆಗಿ ಗೇನ್ 3 ಪಟ್ಟು, ಅಂದ್ರೆ 9.5 ಡಿಬಿ ಸಿಗತ್ತೆ. ಇದನ್ನ 'ಮರುಪೂರಣ' ಅನ್ನೋಣ ಅಂದ್ರೆ ಅದು ಅಂತರ್ಜಲದೋರ ಪಾಲಾಗಿದೆ, 'ಋಣ ಮರುಪೂರಣ' ಅಂದ್ರಂತೂ ಬ್ಯಾಂಕಿನ ಸ್ಕೀಮ್ ಥರ ಕೇಳತ್ತೆ :) 'ಹಿನ್ನೂಡಿಕೆ' ಅರ್ಥಕ್ಕೆ ಹತ್ರ, ಊಡೋದು ಅಂದ್ರೆ ಉಣಿಸೋದೇ ತಾನೇ, ಆದ್ರೆ ನಾಲಿಗೆ ಹೊರಳಲ್ಲ.

ಇನ್ನು ಎಮಿಟರ್ ರೆಸಿಸ್ಟರ್ ಮಾಡೋ ಕೆಲಸಕ್ಕೆ ಡಿಜೆನರೇಶನ್ ಅಂತಾರೆ. 'ಎಮಿಟರ್ ಅವನತಿ' ಅಂತ ಬರೆದ್ರೆ ಟ್ರಾನ್ಸಿಸ್ಟರ್ ಕೆಟ್ಟೋಯ್ತು ಅಂತಾನೇ ಓದೋರು ತಿಳ್ಕೋತಾರೆ. ನಿಜಕ್ಕೂ ಗೇನ್ ಇಳಿಯತ್ತೆ ಅಷ್ಟೆ, ಡಿಸ್ಟಾರ್ಶನ್ (ಸಿಗ್ನಲ್ ಆಕಾರ ಕೆಡೋದು) ಕಮ್ಮಿ ಆಗತ್ತೆ, ಬ್ಯಾಂಡ್ ಅಗಲ ಆಗತ್ತೆ. ಹಳೇ ರೇಡಿಯೋಗಳಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್‌ನಿಂದ ಗೇನ್ ಏರಿಸೋದಕ್ಕೆ ರೀಜೆನರೇಶನ್ ಅಂತಿದ್ರು, ಅದರ ಎದುರು ಪದ ಇದು. ಹಂಗಾಗಿ 'ತಗ್ಗಿಕೆ' ಸಾಕಾ?

ರೆಸಿಸ್ಟರ್ ಬದಲು ಟ್ರಾನ್ಸ್‌ಫಾರ್ಮರ್ ಹಾಕೋ ಡಿಸೈನ್‌ಗೆ ನಾಯ್ಸ್‌ಲೆಸ್ ಫೀಡ್‌ಬ್ಯಾಕ್ ಅನ್ನೋ ಹೆಸರಿದೆ, ಅದನ್ನ 'ಗದ್ದಲರಹಿತ' ಅಂತ ಮಾಡೋಕೆ ನಂಗೆ ಒಪ್ಪಿಗೆ ಇಲ್ಲ. ರೆಸಿಸ್ಟರ್‌ನ ಥರ್ಮಲ್ ನಾಯ್ಸ್ (ಬಿಸಿಯಿಂದ ಹುಟ್ಟೋ ಗದ್ದಲ) ಮಾತ್ರ ತಪ್ಪತ್ತೆ, ಟ್ರಾನ್ಸಿಸ್ಟರ್‌ದು ಇದ್ದೇ ಇರತ್ತೆ. ಅಲ್ಲಿ 'ಟ್ರಾನ್ಸ್‌ಫಾರ್ಮರ್ ಫೀಡ್‌ಬ್ಯಾಕ್' ಅಂತಾನೇ ಬಿಡ್ತೀನಿ.

ಪದ ಸೂಚಿಸೋರು ದಯವಿಟ್ಟು ಕ್ರಿಯಾಪದಾನೂ ಜೊತೆಗೆ ಕೊಡಿ, 'ಕಲೆಕ್ಟರ್‌ನಿಂದ ಬೇಸ್‌ಗೆ ಇಷ್ಟು ಪಾಲು ____ದಾಗ' ಅನ್ನೋ ವಾಕ್ಯ ಪ್ರತಿ ಪ್ಯಾರಾದಲ್ಲೂ ಬರತ್ತೆ.